ಒಡೆಯದ ಸೀಲು

"ಮೂಗಿಗೆ ಸೆರಗು ಹಿಡ್ಕೋರಿ ಬಾಯಾರ," ಎಂದು ರುಕ್ಮವ್ವ ಹೇಳುವಷ್ಟರಲ್ಲಿ ಭುವನೇಶ್ವರಿ ಚೀಲದ ಹೊಲಿಗೆಗೆ ಕತ್ತರಿ ಹಾಕಿಯಾಗಿತ್ತು.

ಬಾಯಿ ಬಿಚ್ಚಿದ ಚೀಲದಿಂದ ಮುಗ್ಗಲು ವಾಸನೆ ಗಪ್ಪನೆ ಮೇಲೆದ್ದಿತು. ಅಂಗಳದಲ್ಲಿ ನಿಂತಿದ್ದ ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಭುವನೇಶ್ವರಿ ಸರಿಯಲಿಲ್ಲ. ಮೊಣಕಾಲೂರಿ ಕುಳಿತು ಚೀಲವನ್ನು ತಾಡಪತ್ರಿಯ ಮೇಲೆ ಬೋರಲು ಹಾಕಿದಳು.

ಉರುಳಿ ಬಂದದ್ದು ಲಿಂಬೆಗಳೇ. ಆದರೆ ಮೈತುಂಬ ಹಸಿರು ಬೂಸು. ಕೆಲವು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

ತಾಂಬಾದ ಈ ಅಂಗಳದಿಂದ ಮಸ್ಕತ್ತಿಗೆ ಹೊರಟ ಒಣಲಿಂಬೆಯ ಕಂಟೇನರ್, ಬಾಗಿಲಿನ ಸೀಲು ಒಡೆಯದೆಯೇ, ಹೀಗೆ ಕೊಳೆತ ಸರಕಾಗಿ ತಲುಪಿತ್ತು. ಅದನ್ನು ಬಂದರಿಗೆ ಮುಟ್ಟಿಸಿದ ಚಾಲಕ ಸೋಮನಿಂಗ ಅಂದಿನಿಂದ ಲಾರಿ ಸಮೇತ ಕಾಣೆಯಾಗಿದ್ದ. ಕಂಟೇನರಿನೊಳಗಿನ ಒಂದು ಚೀಲವನ್ನು ಮಸ್ಕತ್ತಿನ ವ್ಯಾಪಾರಿ ಮಾದರಿಗೆಂದು ವಿಮಾನದಲ್ಲಿ ವಾಪಸು ಕಳಿಸಿದ್ದ.

ಸರಕಿಗೆ ವಿಮೆ ಇತ್ತು. ಆ ವಿಮಾ ಕಂಪನಿಯ ತನಿಖಾಧಿಕಾರಿಯೇ ಭುವನೇಶ್ವರಿ. ಸಮುದ್ರವನ್ನು ಒಮ್ಮೆಯೂ ನೋಡದ ಊರುಗಳಲ್ಲಿ ಹಡಗಿನ ಸರಕಿನ ಜಾಡು ಹಿಡಿಯುವುದು ಅವಳ ಕೆಲಸ.

ರುಕ್ಮವ್ವ ಒಂದು ಲಿಂಬೆಯನ್ನು ಎತ್ತಿ ತಿರುವಿ ನೋಡಿದಳು. ಐವತ್ತು ದಾಟಿದ, ಎತ್ತರದ ಹೆಂಗಸು. ತನ್ನ ತೋಟದ ಲಿಂಬೆಯ ಜೊತೆಗೆ ಊರಿನ ಅರ್ಧ ತೋಟಗಳ ಲಿಂಬೆಯನ್ನು ಒಂದು ಕಂಪನಿಯ ಹೆಸರಿನಡಿ ಒಗ್ಗೂಡಿಸಿದವಳು. ಅವಳ ದನಿ ನೆಟ್ಟಗಿತ್ತು.

"ಇದು ನಮ್ಮ ಮಾಲ್ ಅಲ್ಲ."

"ಹ್ಯಾಂಗ ಹೇಳ್ತೀರಿ ಅಕ್ಕಾರ? ಬೂಸು ಹತ್ತಿದ ಮ್ಯಾಲ ಎಲ್ಲಾ ಲಿಂಬಿ ಒಂದ ನಮೂನಿ ಕಾಣ್ತಾವು."

ರುಕ್ಮವ್ವ ಶೆಡ್ಡಿನ ಕಡೆ ಕೈ ಮಾಡಿದಳು. ಅಲ್ಲಿ ಕಂಬಗಳ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಬಲೆಗಳು. ಉಪ್ಪುನೀರಿನಲ್ಲಿ ಕುದಿಸಿ ತೆಗೆದ ಲಿಂಬೆ ಅವುಗಳ ಮೇಲೆ ಬಿಸಿಲುಣ್ಣುತ್ತ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಅಲ್ಲಿಂದ ಒಂದನ್ನು ತಂದು ಅವಳು ಭುವನೇಶ್ವರಿಯ ಅಂಗೈಯಲ್ಲಿಟ್ಟಳು. ಗುಬ್ಬಿಯಷ್ಟು ಹಗುರ. ಕೆಳಮೈ ಮೇಲೆ ಬಲೆಯ ಚೌಕುಳಿ ಗುರುತು, ಹಚ್ಚೆ ಹಾಕಿದಂತೆ.

"ಕುದ್ದ ಹಣ್ಣು ಮೆತ್ತಗ ಇರ್ತೈತಿ. ಬಲಿ ಮ್ಯಾಲ ಹರವಿದ್ರ ಹಿಂಗ ಗುರ್ತು ಬೀಳ್ತೈತಿ. ನಮ್ಮಲ್ಲಿಂದ ಹೋದ ಒಂದೊಂದು ಲಿಂಬಿ ಮ್ಯಾಲೂ ಇದು ಇರಬೇಕು. ಈ ಕೊಳಕು ಮಾಲಿನ ಮ್ಯಾಲ ಎಲ್ಲೈತಿ ತೋರಸ್ರಿ. ಯಾರೋ ನೆಲದ ಮ್ಯಾಲ ಒಣಗಿಸ್ಯಾರ, ಅದೂ ಅರ್ಧಾಮರ್ಧ."

ಭುವನೇಶ್ವರಿ ಒಂದೊಂದಾಗಿ ಉಜ್ಜಿ ನೋಡಿದಳು. ಬೂಸಿನಡಿ ನುಣುಪು ಸಿಪ್ಪೆ. ಗುರುತೇ ಇಲ್ಲ.

ಅಷ್ಟರಲ್ಲಿ ಅವಳ ಫೋನು ಗುಂಯ್‌ಗುಟ್ಟಿತು. ವಿಜಯಪುರದ ಕಚೇರಿಯಿಂದ ಅವಳ ಮೇಲಧಿಕಾರಿ ಸಂಗಮೇಶ.

"ಇನ್ನೂ ತಾಂಬಾದಾಗ ಅದೀರಿ? ಈ ಕೇಸಿನ್ಯಾಗ ಏನೈತಿ ನೋಡೂದು? ಹಸಿ ಮಾಲು ತುಂಬಿದ್ರು, ಹಡಗಿನ್ಯಾಗ ಬೆವತು ಕೊಳೀತು. ಸರಕಿನದ ದೋಷ ಅಂತ ಬರೀರಿ, ಮುಗಸ್ರಿ. ಸಂಜಿಮಟ ನನಗ ವರದಿ ಬೇಕು."

"ಸಂಜಿಮಟ ಕೊಡ್ತೇನಿ ಸರ್," ಎಂದು ಅವಳು ಫೋನು ಇಟ್ಟಳು. ಸರಕಿನದೇ ದೋಷ ಎಂದು ಬರೆದರೆ ವಿಮೆ ಬರುವುದಿಲ್ಲ. ಅದು ರುಕ್ಮವ್ವನಿಗೂ ಗೊತ್ತಿತ್ತು. ಆದರೆ ಅವಳ ಮುಖದಲ್ಲಿದ್ದ ಗಾಬರಿ ವಿಮೆಯದ್ದಾಗಿರಲಿಲ್ಲ.

"ಮಸ್ಕತ್ತಿನವ್ರು ಇವತ್ತಿನ ದಿನ ಅಷ್ಟ ಟೈಮ್ ಕೊಟ್ಟಾರ," ಎಂದಳು ಅವಳು. "ಇವತ್ತ ನಾವು ಏನಾರ ರುಜುವಾತು ಮಾಡ್ಲಿಲ್ಲ ಅಂದ್ರ ನಾಳೆಯಿಂದ ಬ್ಯಾರೆಯವ್ರ ಮಾಲು ತಗೋತಾರಂತ. ದೊಡ್ಡ ವ್ಯಾಪಾರಿದು ಒಂದು ಕಂಟೇನರ್ ಕೆಟ್ರ ಇನ್ನೊಂದು ಕಳಸ್ತಾನ. ನಮಗ ಎರಡನೇ ಸಲ ಬಾಗಲಾ ಯಾರು ತೆಗೀತಾರ್ರಿ? ಅವ್ರು ನಮ್ಮ ಮುಖ ನೋಡಿಲ್ಲ. ನಮ್ಮ ಲಿಂಬಿ ಅಷ್ಟ ನೋಡ್ಯಾರ."

ಭುವನೇಶ್ವರಿಯ ಕಣ್ಣು ತಾಡಪತ್ರಿಯ ಮೇಲೆ ನೆಟ್ಟಿತ್ತು. ಲಿಂಬೆ ಉರುಳಿದ ಜಾಗದಲ್ಲಿ ತೆಳುವಾದ ಕೆಂಗಂದು ಪುಡಿ. ಬೆರಳಿನಿಂದ ಒತ್ತಿ ಎತ್ತಿದಳು. ಪುಡಿಯಲ್ಲ, ಚೂರುಚೂರಾದ ಸಿಪ್ಪೆ.

ಬಸವನ ಬಾಗೇವಾಡಿಯಲ್ಲಿ ಅವಳು ಹುಟ್ಟಿ ಬೆಳೆದ ಮನೆಯ ಹಿಂದೆಯೇ ಒಂದು ಬೇಳೆ ಮಿಲ್ಲಿತ್ತು. ಹಗ್ಗದ ಮೇಲೆ ಒಣಹಾಕಿದ ಬಟ್ಟೆಯ ಮೇಲೆಲ್ಲ ಇದೇ ಬಣ್ಣದ ದೂಳು ಕೂರುತ್ತಿತ್ತು. ಅವ್ವ ದಿನವೂ ಮಿಲ್ಲಿನವರಿಗೆ ಶಾಪ ಹಾಕುತ್ತ ಬಟ್ಟೆ ಝಾಡಿಸುತ್ತಿದ್ದಳು.

"ತೊಗರಿ ಹೊಟ್ಟು," ಎಂದಳು ಭುವನೇಶ್ವರಿ ಮೆಲ್ಲಗೆ. "ಅಕ್ಕಾರ, ಈ ಶೆಡ್ಡಿನ್ಯಾಗ ಯಾವಾಗರ ತೊಗರಿ ಇಟ್ಟಿದ್ರಿ?"

"ಇಲ್ರಿ. ಶೆಡ್ ಕಟ್ಟಿದ್ದ ಲಿಂಬಿ ಸಲುವಾಗಿ."

"ಅಂದ್ರ ಈ ಚೀಲಾ ತುಂಬಿದ್ದು ಒಂದು ಬೇಳೆ ಮಿಲ್ಲಿನ್ಯಾಗ."

ರುಕ್ಮವ್ವ ಥಟ್ಟನೆ ತಲೆಯೆತ್ತಿದಳು. ಏನೋ ಹೇಳಲು ಹೋಗಿ ತುಟಿ ಕಚ್ಚಿದಳು. ಭುವನೇಶ್ವರಿ ಕಾದಳು. ಇಂಥ ಹೊತ್ತಿನಲ್ಲಿ ಕೇಳುವುದಕ್ಕಿಂತ ಕಾಯುವುದೇ ಒಳ್ಳೆಯದೆಂದು ಅವಳಿಗೆ ಅನುಭವವಿತ್ತು.

"ಶ್ರೀಶೈಲಪ್ಪನ ಮಾವಂದು ನಾಲತವಾಡದಾಗ ಒಂದು ಬೇಳೆ ಮಿಲ್ ಐತಿ," ಎಂದಳು ರುಕ್ಮವ್ವ ಕೊನೆಗೆ. "ಬಂದ್ ಬಿದ್ದೈತಿ. ಒಣಗಿಸಾಕ ಜಾಗಾ ಬೇಕಾದ್ರ ಅದನ್ನ ತಗೋರಿ ಅಂತ ಒಮ್ಮಿ ನಮಗ ತೋರಿಸಿದ್ರು. ಆದ್ರ ಬಾಯಾರ, ಅವ್ರ ಮ್ಯಾಲ ಸಂಶೆ ಪಡಬ್ಯಾಡ್ರಿ. ಕೆಳಗ ಉದುರಿದ ಸಣ್ಣ ಲಿಂಬಿ ಇಂಡಿ ಮಾರ್ಕೆಟಿನ್ಯಾಗ ಯಾರೂ ಮೂಸಿ ನೋಡ್ತಿರಲಿಲ್ಲ. ಇದನ್ನ ಕುದಿಸಿ ಒಣಗಿಸ್ರಿ, ಅರಬ್ಬರು ಸಾರಿಗೆ ಹಾಕ್ತಾರ ಅಂತ ನಮಗ ಹೇಳಿಕೊಟ್ಟಾವ್ರ ಅವ್ರು."

ಶ್ರೀಶೈಲ ಸಿಂದಗಿಯ ರಫ್ತು ದಲಾಲ. ಕಂಟೇನರ್ ಗೊತ್ತು ಮಾಡಿದವನೂ, ಬಂದರಿನ ಕಾಗದಪತ್ರ ನೋಡಿಕೊಂಡವನೂ ಅವನೇ.

"ಹೋದ ಸಲಾ ನೀವು ಮಸ್ಕತ್ತಿನವ್ರ ಕೂಡ ನೇರ ಮಾತಾಡಿದ್ರಿ ಅಲ್ಲ, ಶ್ರೀಶೈಲಪ್ಪನ್ನ ನಡುವ ಇಟ್ಕೊಳ್ಳದ?"

ರುಕ್ಮವ್ವ ನೆಲ ನೋಡಿದಳು. "ಹೌದ್ರಿ. ಮುಂದಿನ ಕಂಟೇನರಿಂದ ನಾವ ಕಳಸ್ತೇವಿ ಅಂತ ಶ್ರೀಶೈಲಪ್ಪಗ ಹೇಳಿದ್ವಿ. ಅವ್ರೇನ್ ಸಿಟ್ಟಾಗ್ಲಿಲ್ಲ. ನಕ್ಕು ಚಲೋ ಆತು ಅಂದ್ರು."

ಭುವನೇಶ್ವರಿ ಎದ್ದು ಸೆರಗಿನ ದೂಳು ಕೊಡವಿದಳು.

ಗೇಟಿನ ಬಳಿ ನೆರಳಿನಲ್ಲಿ ಬೆಳಗಿನಿಂದ ಒಬ್ಬಳು ಕುಳಿತಿದ್ದಳು. ಸೋಮನಿಂಗನ ಹೆಂಡತಿ ರೇಣುಕಾ. ತನ್ನೂರು ಮಸೂತಿಯಿಂದ ಬಸ್ಸು ಬದಲಿಸುತ್ತ ಬಂದವಳು, ಕೊಟ್ಟ ಚಹಾವನ್ನೂ ಮುಟ್ಟಿರಲಿಲ್ಲ. ಕಾರಿನ ಬಾಗಿಲು ತೆರೆದ ಸದ್ದಿಗೆ ಅವಳು ಎದ್ದು ನಿಂತಳು.

"ನಾನೂ ಬರ್ತೇನ್ರಿ."

"ಬ್ಯಾಡ. ಅಲ್ಲಿ ಏನೈತೋ ಯಾರಿಗೆ ಗೊತ್ತು."

"ಮಂದಿ ನನ್ನ ಗಂಡನ್ನ ಕಳ್ಳ ಅಂತಾರು. ಸತ್ತಾನ ಅಂತ ಒಬ್ರು, ಮುಂಬೈದಾಗ ಇನ್ನೊಬ್ಬಾಕಿನ್ನ ಇಟ್ಕೊಂಡಾನ ಅಂತ ಒಬ್ರು. ಮನ್ಯಾಗ ಕುಂತು ಅದನ್ನೆಲ್ಲಾ ಕೇಳೂದಕ್ಕಿಂತ ಅಲ್ಲಿ ಏನಿದ್ರೂ ಕಣ್ಣಾರ ನೋಡ್ತೇನಿ," ಎಂದ ರೇಣುಕಾ ಉತ್ತರಕ್ಕೆ ಕಾಯದೆ ಕಾರಿನ ಮುಂದಿನ ಸೀಟಿನಲ್ಲಿ ಕುಳಿತುಬಿಟ್ಟಳು.

* * *

ಸಿಂದಗಿ ದಾಟಿ ದೇವರ ಹಿಪ್ಪರಗಿಯ ರಸ್ತೆ ಹಿಡಿದಾಗ ಬಿಸಿಲು ನೆತ್ತಿಗೇರಿತ್ತು. ಎರಡೂ ಬದಿ ಕರಿ ನೆಲ, ಕೊಯ್ದು ಬಿಟ್ಟ ತೊಗರಿಯ ಕೂಳೆ. ರೇಣುಕಾ ಕಿಟಕಿಯಾಚೆಗೆ ಪ್ರತಿ ಲಾರಿಯನ್ನೂ ನೋಡುತ್ತಿದ್ದಳು.

"ಕಡೀ ಸಲಾ ಫೋನ್ ಮಾಡಿದಾಗ ಏನಂದಿದ್ದ?"

"ಒಂದು ಸರಕಾರಿ ಕೆಲಸ ಐತಿ, ಮುಗಿದ ಮ್ಯಾಲ ಬರ್ತೇನಿ, ಯಾರ ಮುಂದೂ ಹೇಳಬ್ಯಾಡ ಅಂದ್ರು. ಮುಂದ ಫೋನ್ ಹತ್ತವಲ್ದು."

"ಸರಕಾರಿ ಕೆಲಸ? ಇದನ್ನ ನನಗ ಮೊದಲ ಯಾಕ ಹೇಳ್ಲಿಲ್ಲ?"

"ಯಾರ ಮುಂದೂ ಹೇಳಬ್ಯಾಡ ಅಂದಿದ್ರಲ್ರಿ," ಎಂದಳು ರೇಣುಕಾ. ಅದು ಅವಳಿಗೆ ಪೂರ್ತಿ ಉತ್ತರವಾಗಿತ್ತು.

ತಾಳಿಕೋಟೆಯ ಹತ್ತಿರ ಸಂಗಮೇಶನ ಫೋನು ಮತ್ತೆ ಬಂತು. ಎಲ್ಲಿದ್ದೀರಿ ಎಂದ. ನಾಲತವಾಡಕ್ಕೆ ಹೋಗುತ್ತಿದ್ದೇನೆ, ಒಂದು ಬೇಳೆ ಮಿಲ್ಲು ನೋಡಬೇಕು ಎಂದಳು. "ನೋಡ್ಕೊಂಡು ಹೋಗ್ರಿ," ಎಂದಷ್ಟೇ ಹೇಳಿ ಅವನು ಫೋನಿಟ್ಟ.

ಅವಳು ಕಾರು ನಿಲ್ಲಿಸಿ ಪೊಲೀಸರಿಗೂ ತಿಳಿಸಿದಳು. ಫೋನೆತ್ತಿದ ಸಬ್ ಇನ್‌ಸ್ಪೆಕ್ಟರ್ ಶಕೀಲ ಅವಳ ಹೆಸರು ಕೇಳಿ ತುಸು ತಡೆದು, ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡು, "ನಾವು ಬರ್ತೇವಿ. ನೀವೇನೂ ಮುಟ್ಟಬ್ಯಾಡ್ರಿ," ಎಂದ.

ಮಿಲ್ಲು ನಾಲತವಾಡದ ಹೊರಗೆ, ಜಾಲಿಕಂಟಿಯ ನಡುವೆ ಒಂಟಿಯಾಗಿ ನಿಂತಿತ್ತು. ತಗಡಿನ ಚಾವಣಿ ತುಕ್ಕು ಹಿಡಿದಿತ್ತು. ಗೋಡೆಯ ಮೇಲೆ ಶ್ರೀಶೈಲನ ಮಾವ 'ಚನ್ನಬಸಯ್ಯ'ನ ಹೆಸರಿನ ಅರ್ಧ ಅಕ್ಷರಗಳು ಉದುರಿದ್ದವು. ಗೇಟು ಮಾತ್ರ ಹಾರುಹೊಡೆದಿತ್ತು.

ಒಳಗೆ ಲಾರಿಯೊಂದು ನಿಂತಿತ್ತು; ನಾಲ್ಕಾರು ಹಮಾಲರು ಚೀಲ ಹೊರುತ್ತಿದ್ದರು.

ಭುವನೇಶ್ವರಿ ಗೇಟಿನಲ್ಲೇ ತಡೆದು ನಿಂತು ನೋಡಿದಳು. ಏನೋ ಸರಿ ಕಾಣಲಿಲ್ಲ. ಮರುಕ್ಷಣ ಹೊಳೆಯಿತು. ಹಮಾಲರು ಲಾರಿಗೆ ಚೀಲ ಏರಿಸುತ್ತಿರಲಿಲ್ಲ, ಇಳಿಸುತ್ತಿದ್ದರು. ಹಗ್ಗ ಬಿಗಿದು, ತಾಡಪತ್ರಿ ಹೊದಿಸಿ ಹೊರಡಲು ತಯಾರಾಗಿದ್ದ ಲಾರಿಯನ್ನು ಬಿಚ್ಚಿ ಮತ್ತೆ ಒಳಗೆ ಒಟ್ಟುತ್ತಿದ್ದರು.

ತಾನು ಬರುವ ಸುದ್ದಿ ತನಗಿಂತ ಮುಂಚೆ ಬಂದು ತಲುಪಿದೆ!

"ಬರ್ರಿ ಮೇಡಂ, ಬರ್ರಿ." ಕಚೇರಿ ಕೋಣೆಯ ಕಟ್ಟೆಯ ಮೇಲಿಂದ ಒಬ್ಬ ಇಳಿದು ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ. ಶ್ರೀಶೈಲ. "ಬಿಸಲಾಗ ಬಂದೀರಿ. ನೀರು ತರಿಸ್ಲಿ?"

"ಈ ಚೀಲದಾಗ ಏನೈತಿ?"

"ಲಿಂಬಿ."

ಇಷ್ಟು ಸಲೀಸಾಗಿ ಒಪ್ಪುತ್ತಾನೆಂದು ಅವಳು ಎಣಿಸಿರಲಿಲ್ಲ. ಹತ್ತಿರದ ಚೀಲದ ಬಾಯಿ ಸಡಿಲಿಸಿ ಕೈ ಹಾಕಿದಳು. ಬೆರಳಿಗೆ ಹಗುರವಾದ, ಗರಿಗರಿ ಒಣಗಿದ ಹಣ್ಣು ತಾಗಿತು. ಹೊರತೆಗೆದು ತಿರುವಿದಳು. ಕೆಳಮೈ ಮೇಲೆ ಬಲೆಯ ಚೌಕುಳಿ. ಇನ್ನೊಂದು ತೆಗೆದಳು, ಮತ್ತೊಂದು. ಎಲ್ಲದರ ಮೇಲೂ ಅದೇ.

"ಇದು ತಾಂಬಾದ ಮಾಲು. ರುಕ್ಮವ್ವಕ್ಕಂದು."

"ಇರಬೌದು."

"ಮಸ್ಕತ್ತಿಗೆ ಹೋಗಬೇಕಾದದ್ದು ಇಲ್ಲಿ ಹ್ಯಾಂಗ ಬಂತು ಶ್ರೀಶೈಲಪ್ಪಾ?"

"ಅದನ್ನ ನಾನೂ ಕೇಳಾಕತ್ತೇನಿ." ಅವನು ಒಂದು ಲಿಂಬೆ ಎತ್ತಿಕೊಂಡು ಕಿವಿಯ ಬಳಿ ಅಲುಗಾಡಿಸಿದ. ಒಳಗೆ ಒಣಬೀಜ ಗಲಗಲ ಎಂದಿತು. "ಏನ್ ಮಾಲ್ ಮಾಡ್ಯಾಳ್ರಿ ನಮ್ಮ ರುಕ್ಮವ್ವಕ್ಕ. ಕೈ ಮುಗೀಬೇಕು. ಆದ್ರ ಮೇಡಂ, ಮಾಲ್ ಮಾಡೂದು ಬ್ಯಾರೆ, ದಂಧಾ ಮಾಡೂದು ಬ್ಯಾರೆ. ಹಡಗದ ಮಂದಿ, ಬಂದರದ ಮಂದಿ, ಬ್ಯಾಂಕಿನ ಮಂದಿ, ಎಲ್ಲಾರ್ನೂ ಹಿಡದಿಟ್ಕೊಳ್ಳಾಕ ಒಬ್ಬಾವ ಬೇಕು. ಆಕಿಗೆ ಅದು ತಿಳೀಲಿಲ್ಲ."

"ತಿಳಿಸಾಕ ಆಕಿ ಮಾಲು ಕದ್ದು, ಅದರ ಜಾಗಾದಾಗ ಕೊಳತದ್ದು ತುಂಬಿದಿ. ಆಕಿ ಹೆಸರು ಕೆಡ್ತು. ಈಗ ಇದ ಮಾಲು ನಿನ್ನ ಹೆಸರ್ಲೆ ಅದ ಮಸ್ಕತ್ತಿಗೆ ಹೊಂಟೈತಿ."

"ಛೆ, ಛೆ. ನೀವು ಭಾಳ ಜಲ್ದಿ ಮಾಡ್ತೀರಿ." ಅವನ ಮುಖದಲ್ಲಿ ಬೆವರಿನ ಹನಿಯೂ ಇರಲಿಲ್ಲ. "ಮಿಲ್ಲು ನಮ್ಮ ಮಾವಂದು, ಖರೆ. ಆದ್ರ ಬಾಡಿಗಿಗೆ ಕೊಟ್ಟಾರ. ಕದ್ದ ಮಾಲು ಇಲ್ಲೈತಿ ಅಂತ ಇವತ್ತ ನನಗ ಸುದ್ದಿ ಬಂತು. ಓಡಿ ಬಂದು ಲಾರಿ ತಡದೆ, ಮಾಲು ಇಳಸಾಕತ್ತೇನಿ. ತಪ್ಪೇನ್ರಿ?"

"ಸುದ್ದಿ ಕೊಟ್ಟಾವ್ರು ಯಾರು?"

ಅವನು ನಕ್ಕ.

"ಬಾಡಿಗಿಗೆ ತಗೊಂಡಾವ್ರು ಯಾರು?"

"ಅದನ್ನ ಪೊಲೀಸರ ಮುಂದ ಹೇಳ್ತೇನಿ."

"ಪೊಲೀಸರಿಗೆ ನಾನು ಹೇಳಿ ಬಂದೇನಿ. ಬರ್ತಾರ."

"ಬರ್ಲಿ, ಬರ್ಲಿ," ಎಂದ ಶ್ರೀಶೈಲ. "ನಾನೂ ಅವ್ರ ದಾರಿ ಕಾಯಾಕತ್ತೇನಿ."

ಸಿಕ್ಕಿಬಿದ್ದ ಮನುಷ್ಯರನ್ನು ಭುವನೇಶ್ವರಿ ಬಹಳ ನೋಡಿದ್ದಳು. ಕೆಲವರು ಕೂಗಾಡುತ್ತಾರೆ, ಕೆಲವರು ಕಾಲಿಗೆ ಬೀಳುತ್ತಾರೆ. ಇವನು ಅತಿಥಿಯನ್ನು ಕಾಯುವ ಯಜಮಾನನಂತೆ ನಿಂತಿದ್ದ. ತಾನು ಇಲ್ಲಿಗೆ ಬರುತ್ತಿರುವುದು ತಾಂಬಾದಲ್ಲಿ ರುಕ್ಮವ್ವನಿಗೆ ಗೊತ್ತಿತ್ತು. ಸಂಗಮೇಶನಿಗೆ ಗೊತ್ತಿತ್ತು. ಪೊಲೀಸರಿಗೆ ಗೊತ್ತಿತ್ತು. ಇವರಲ್ಲಿ ಯಾರು?

ಆಗಲೇ ಅವಳಿಗೆ ರೇಣುಕಾ ಪಕ್ಕದಲ್ಲಿಲ್ಲದ್ದು ಗಮನಕ್ಕೆ ಬಂತು.

ಮಿಲ್ಲಿನ ಹಿಂಬದಿಯಿಂದ ಒಂದು ಕೂಗು ಕೇಳಿಸಿತು. ಮಾತಲ್ಲ, ಹೆಸರೂ ಅಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಕರೆದ ರೂಢಿ ರೇಣುಕಾಳಿಗಿರಲಿಲ್ಲ. ಕುರಿ ಕಾಯುವವರು ಬಯಲಿನಲ್ಲಿ ದೂರದ ಸಂಗಾತಿಯನ್ನು ಕರೆಯುವ, ಕೊನೆಗೆ ಮೇಲಕ್ಕೇರಿ ಒಡೆಯುವ ಉದ್ದನೆಯ ಕೂಗು ಅದು. ತಗಡಿನ ಚಾವಣಿಗೆ ಬಡಿದು ಮರಳಿತು.

ಹಮಾಲರು ಹೊತ್ತ ಚೀಲವನ್ನು ಹೊತ್ತಂತೆಯೇ ನಿಂತರು.

ಅವಳು ಇನ್ನೊಮ್ಮೆ ಕೂಗಿದಳು. ಈ ಬಾರಿ ಎಲ್ಲೋ ಗೋಡೆಯ ಒಳಗಿನಿಂದ, ಕ್ಷೀಣವಾಗಿ, ಅದೇ ಕೂಗು ತಿರುಗಿ ಬಂತು.

ಭುವನೇಶ್ವರಿ ಓಡಿದಳು. ಹಿಂದಿನ ಅಂಗಳದಲ್ಲಿ ತಾಡಪತ್ರಿ ಹೊದ್ದು ಕುಳಿತಿದ್ದ, ಕಂಟೇನರ್ ಹೊರುವ ಉದ್ದನೆಯ ಲಾರಿಯನ್ನು ಬಳಸಿಕೊಂಡು ಹೋದರೆ ಒಂದು ಕೋಣೆ. ಹೊರಗಿನಿಂದ ಬೀಗ. ರೇಣುಕಾ ಅದರ ಚಿಲಕವನ್ನು ಕಲ್ಲಿನಿಂದ ಜಜ್ಜುತ್ತಿದ್ದಳು. ಬೆರಳಿಗೆ ಪೆಟ್ಟು ಬಿದ್ದು ರಕ್ತ ಸುರಿಯುತ್ತಿದ್ದರೂ ನಿಲ್ಲಿಸಲಿಲ್ಲ. ಇಬ್ಬರೂ ಸೇರಿ ಎಳೆದಾಗ ಗೆದ್ದಲು ತಿಂದ ಚೌಕಟ್ಟು ಚಿಲಕದ ಸಮೇತ ಕಿತ್ತು ಬಂತು.

ಒಳಗೆ ಗಡ್ಡ ಬೆಳೆದ ಮನುಷ್ಯನೊಬ್ಬ ಬೆಳಕಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದ. ರೇಣುಕಾ ಅವನನ್ನು ಮುಟ್ಟಲಿಲ್ಲ. ಅಡಿಯಿಂದ ಮುಡಿಯವರೆಗೆ ನೋಡಿ, "ಉಂಡೀರಿಲ್ಲೋ?" ಎಂದು ಕೇಳಿ, ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತು ಬಿಕ್ಕಿದಳು.

"ಉಂಡೇನಿ. ಊಟಕ್ಕ ಏನೂ ಕಡಿಮಿ ಇಲ್ಲ," ಎಂದ ಸೋಮನಿಂಗ, ಗಲಿಬಿಲಿಯಾಗಿ. "ನೀ ಯಾಕ ಬಂದಿ? ಯಾರೂ ಬರೂ ಹಂಗಿಲ್ಲ ಅಂದಿದ್ರು. ನಾ ಸಾಕ್ಷಿ ಅದೇನಿ. ಕೇಸು ಮುಗಿಯೂತನ ಇಲ್ಲೇ ಇರಬೇಕು. ಬೀಗ ಹಾಕಿದ್ದೂ ನನ್ನ ಸಲುವಾಗೇ, ಹೊರಗ ಜೀವಕ್ಕ ಅಪಾಯ ಐತಂತ."

"ಯಾರು ಹೇಳಿದ್ದು?" ಎಂದಳು ಭುವನೇಶ್ವರಿ. ಅವಳು ಬಾಗಿಲಿನ ಬೆಳಕಿಗೆ ಬೆನ್ನಾಗಿ ನಿಂತಿದ್ದಳು.

"ವಿಮಾದ ಬಾಯಾರು. ಹಿಪ್ಪರಗಿ ದಾಟಿದ ಮ್ಯಾಲ ಅಡ್ಡ ಕಾರು ಹಾಕಿ ನಿಲ್ಲಿಸಿದ್ರು. ನಿನ್ನ ಕಂಟೇನರಿನ್ಯಾಗ ಲಿಂಬಿ ಜೋಡಿ ಬ್ಯಾರೆ ಏನೋ ಕಳಸಾಕತ್ತಾರ, ಗುಪ್ತ ತಪಾಸಣಿ ಮಾಡಬೇಕು, ನಾಲತವಾಡಕ್ಕ ನಡಿ ಅಂದ್ರು. ರುಕ್ಮವ್ವಕ್ಕನ ಮುಂದೂ ಹೇಳಬ್ಯಾಡ ಅಂದ್ರು."

"ಸೀಲು ಒಡೀದ ಬಾಗಲಾ ಹ್ಯಾಂಗ ತೆಗದ್ರು?"

"ಸೀಲಿಗೆ ಕೈ ಹಚ್ಚಲಿಲ್ರಿ. ಹಿಡಿಕಿ ಕೂಡ್ಸಿದ ಬೋಲ್ಟ್ ಎರಡು ಕತ್ತರಿಸಿ ಹಿಡಿಕೀನ ಬಾಗಲದಿಂದ ಬಿಡಿಸಿದ್ರು, ಸೀಲು ಹಿಡಿಕಿ ಕೂಡ ಜೋತಾಡ್ತಿತ್ತು. ಮಾಲು ಇಳಿಸಿ ಬ್ಯಾರೆ ತುಂಬಿದ ಮ್ಯಾಲ ಹೊಸಾ ಬೋಲ್ಟ್ ಹಾಕಿ ನೀಲಿ ಬಣ್ಣ ಬಳದ್ರು. ನಾನು ಇದೇನ್ರಿ ಅಂತ ಕೇಳಿದ್ರ, ತಪಾಸಣಿ ಮಾಲು, ಬಾಯಿ ಬಿಟ್ರ ಮೊದಲ ನೀನ ಕಳ್ಳ ಆಗ್ತಿ ಅಂದ್ರು. ಬಂದರಕ್ಕ ಮುಟ್ಟಿಸಿ, ಅವ್ರು ಹೇಳಿದಂಗ ಹೊಳ್ಳಿ ಇಲ್ಲೇ ಬಂದೆ."

ಯಾರೋ ವಿಮೆಯವಳೆಂದು ಹೇಳಿಕೊಂಡು ಇವನನ್ನು ನಂಬಿಸಿದ್ದಳು, ಆದರೂ ಸೀಲಿನ ಗುಟ್ಟು ಬಯಲಾಗಿತ್ತು. ಭುವನೇಶ್ವರಿಯ ಎದೆ ಹಗುರಾಯಿತು. ಸರಕು ನೆಲದ ಮೇಲೆಯೇ ಬದಲಾಗಿದೆ, ರುಕ್ಮವ್ವನ ತಪ್ಪಿಲ್ಲ, ಸಾಕ್ಷಿಯೂ ಇದ್ದಾನೆ. ಇವತ್ತೇ ಮಸ್ಕತ್ತಿಗೆ ತಿಳಿಸಬಹುದು.

ಹೊರಗೆ ಜೀಪು ಬಂದು ನಿಂತ ಸದ್ದಾಯಿತು.

ರೇಣುಕಾ ಕಣ್ಣೊರೆಸಿಕೊಂಡು ಎದ್ದಳು. "ಇವ್ರ ಪುಣ್ಯಾ. ಇವ್ರು ಇಲ್ಲಂದ್ರ ನಾ ಇಲ್ಲೀಮಟ ಬರ್ತಿರಲಿಲ್ಲ," ಎಂದು ಭುವನೇಶ್ವರಿಯ ಕೈ ಹಿಡಿದು ಬೆಳಕಿಗೆ ಎಳೆದಳು. "ವಿಮಾ ಕಂಪನಿ ಭುವನೇಶ್ವರಿಬಾಯಾರು."

ಸೋಮನಿಂಗನ ಮುಖದ ಬಣ್ಣ ಬದಲಾಯಿತು. ಅವನು ಒಂದು ಹೆಜ್ಜೆ ಹಿಂದಕ್ಕಿಟ್ಟ.

"ಏನಾತ್ರಿ?" ಎಂದಳು ರೇಣುಕಾ.

ಉತ್ತರ ಬರುವ ಮೊದಲೇ ಸಬ್ ಇನ್‌ಸ್ಪೆಕ್ಟರ್ ಶಕೀಲ ಬಾಗಿಲಿಗೆ ಬಂದ. ಅವನ ಹಿಂದೆ ಇಬ್ಬರು ಪೇದೆಗಳು, ಅವರ ಹಿಂದೆ, ಕೈ ಕಟ್ಟಿಕೊಂಡು, ಶ್ರೀಶೈಲ. ಶಕೀಲ ಕಿತ್ತು ಬಂದ ಚೌಕಟ್ಟನ್ನೂ, ಗಡ್ಡದ ಮನುಷ್ಯನನ್ನೂ, ರಕ್ತದ ಬೆರಳಿನ ಹೆಂಗಸನ್ನೂ ನೋಡಿದ.

"ನೀನ ಸೋಮನಿಂಗ? ಇಲ್ಲಿಗೆ ಕಂಟೇನರ್ ತರಾಕ ಯಾರು ಹೇಳಿದ್ರಪಾ? ಹೆದರಬ್ಯಾಡ, ಹೇಳು."

ಸೋಮನಿಂಗ ತುಟಿ ಸವರಿಕೊಂಡ. "ಹೆಸರು ಭುವನೇಶ್ವರಿ ಅಂತ ಹೇಳಿದ್ರು ಸಾಹೇಬ್ರ. ವಿಮಾ ಕಂಪನಿ ಅಂದ್ರು."

"ಅಂವ ಏನ್ ಹೇಳಾಕತ್ತಾನ?" ಭುವನೇಶ್ವರಿಯ ದನಿ ಅವಳಿಗೇ ಅಪರಿಚಿತವೆನಿಸಿತು. "ಸೋಮನಿಂಗ, ನನ್ನ ಮುಖ ನೋಡಿ ಹೇಳಪಾ. ನಾನ ಏನು?"

"ಮುಖಕ್ಕ ಓಢಣಿ ಸುತ್ತಿದ್ರು, ಕಪ್ಪು ಚಸ್ಮಾ ಇತ್ತು. ಮುಖ ನೋಡಿಲ್ರಿ."

"ಮತ್ತ?"

"ಗಾಡಿ ನೋಡೇನ್ರಿ," ಎಂದ ಸೋಮನಿಂಗ. ಅವನ ಕಣ್ಣು ಅವಳ ಹೆಗಲಿನಾಚೆ, ಗೋಡೆಯ ತಿರುವಿನಲ್ಲಿ ಗೇಟಿನತ್ತ ಹೋಗಿತ್ತು. "ಹಿಪ್ಪರಗಿಯಿಂದ ಇಲ್ಲೀಮಟ ಆ ಗಾಡಿ ಬೆನ್ನ ಹಿಂದ ಬಂದೇನಿ. ಬಿಳೀ ಗಾಡಿ. ಹಿಂದಿನ ಎಡಗಡಿ ಲೈಟು ಒಡದು ಕೆಂಪು ಪಟ್ಟಿ ಅಂಟಿಸಿದ್ದು."

ಅವನು ಕೈ ಚಾಚಿದ. ಎಲ್ಲರೂ ಅತ್ತ ತಿರುಗಿದರು.

ಗೇಟಿನ ಬಳಿ ಬಿಸಿಲಿನಲ್ಲಿ ಭುವನೇಶ್ವರಿಯ ಕಾರು ನಿಂತಿತ್ತು. ಹಿಂದಿನ ಎಡಗಡೆಯ ಲೈಟಿನ ಮೇಲೆ ಕೆಂಪು ಪಟ್ಟಿ.

"ಕಂಟೇನರ್ ಹೊಂಟ ವಾರ ನಾನು ಧಾರವಾಡದಾಗ ತರಬೇತಿಗೆ ಹೋಗಿದ್ದೆ," ಎಂದಳು ಅವಳು. "ಗಾಡಿ ಕಚೇರಿ ಕಂಪೌಂಡಿನ್ಯಾಗ ಬಿಟ್ಟಿದ್ದೆ. ಕೀಲಿ ನನ್ನ ಮೇಜಿನ ಡ್ರಾದಾಗ ಇತ್ತು. ಅದಕ್ಕೂ ದೊಡ್ಡ ಮಾತು, ಆವಾಗ ಈ ಕೇಸು ಹುಟ್ಟೇ ಇರಲಿಲ್ಲ. ಕಂಟೇನರ್ ಮಸ್ಕತ್ತಿಗೆ ಮುಟ್ಟಿ, ಮಾಲು ಕೆಟ್ಟೈತಿ ಅಂತ ಗೊತ್ತಾದ ಮ್ಯಾಲ ಇದು ನನಗ ಬಂದದ್ದು."

ಹೇಳುತ್ತ ಹೇಳುತ್ತ ಅವಳಿಗೇ ಅದರ ಅರ್ಥ ತಟ್ಟಿತು. ಸರಕು ಕೆಡುವ ಮೊದಲೇ, ದೂರು ಬರುವ ಮೊದಲೇ, ಈ ಕೇಸು ಭುವನೇಶ್ವರಿಯ ಕೈಗೇ ಬರುತ್ತದೆಂದು ಯಾರಿಗೋ ಗೊತ್ತಿತ್ತು.

ಶಕೀಲ ಅವಳನ್ನು ಗೌರವದಿಂದಲೇ ನೋಡಿದ. ಆದರೆ ಅವನ ಕಣ್ಣು ಮೆತ್ತಗಾಗಿರಲಿಲ್ಲ. "ನೀವು ಫೋನ್ ಮಾಡೂಕಿಂತ ಮೊದಲ ಒಂದು ದೂರು ಬಂದಿತ್ತು ಮೇಡಂ. ಈ ಮಿಲ್ಲು ಬಾಡಿಗಿಗೆ ತಗೊಂಡಾವ್ರ ಹೆಸರೂ ಭುವನೇಶ್ವರಿ ಅಂತನ ಹೇಳ್ಯಾರ. ಗಾಡಿ ಕೀಲಿ ಕೊಡ್ರಿ."

ಅವಳು ಕೊಟ್ಟಳು. ಮುಚ್ಚಿಡಲು ಅವಳ ಬಳಿ ಏನೂ ಇರಲಿಲ್ಲ.

ಪೇದೆ ಡಿಕ್ಕಿ ಎತ್ತಿದ. ಒಂದು ಛತ್ರಿ, ನೀರಿನ ಬಾಟಲಿ, ಹಳೆಯ ಚಪ್ಪಲಿ. ಕೆಳಗಿನ ಹಾಸು ಸರಿಸಿದ. ಸ್ಟೆಪ್ನಿ ಟೈರಿನ ಗುಳಿಯಲ್ಲಿ ಕೈಯಾಡಿಸಿ, ಗೋಣಿತಟ್ಟಿನ ಒಂದು ಗಂಟನ್ನು ಎತ್ತಿ ಶಕೀಲನ ಕೈಗಿಟ್ಟ.

ಅದು ಅವಳದ್ದಲ್ಲ. ಅದನ್ನು ಅವಳು ಎಂದೂ ನೋಡಿರಲಿಲ್ಲ.

ಶಕೀಲ ಗಂಟು ಬಿಚ್ಚಿದ. ಅಡ್ಡಕ್ಕೆ ಕತ್ತರಿಸಿದ ಎರಡು ದಪ್ಪ ಬೋಲ್ಟುಗಳು ಒಂದಕ್ಕೊಂದು ಬಡಿದು ಸದ್ದು ಮಾಡಿದವು. ತಲೆಯ ಮೇಲೆ ಕಂಟೇನರಿನ ನೀಲಿ ಬಣ್ಣ.

"ಇವ ನೋಡ್ರಿ," ಎಂದ ಸೋಮನಿಂಗ ಪಿಸುದನಿಯಲ್ಲಿ.

ಭುವನೇಶ್ವರಿಯ ಕೈಯನ್ನು ಆವರೆಗೂ ಹಿಡಿದೇ ಇದ್ದ ರೇಣುಕಾ ಅದನ್ನು ಮೆಲ್ಲಗೆ ಬಿಟ್ಟಳು. ಬಿಟ್ಟ ಅಂಗೈಯಲ್ಲಿ ಅವಳ ಬೆರಳಿನ ರಕ್ತ ಹತ್ತಿಕೊಂಡಿತ್ತು.

"ಬಾಯಾರ," ಎಂದಳು ಅವಳು, "ದಾರಿಯುದ್ದಕ್ಕೂ ನೀವು ನನಗ ಏನೇನ ಕೇಳಿದ್ರಿ. ನನ್ನ ಗಂಡ ನನಗ ಏನ್ ಹೇಳ್ಯಾರ, ಏನ್ ಹೇಳಿಲ್ಲ ಅಂತ ತಿಳ್ಕೊಳ್ಳಾಕ ಕೇಳಿದ್ರೇನು?"